ಈ ಸಲ ಭೀಮಾ ಇಲೆವೆನ್

ಜೇವರ್ಗಿ
೬ ಅಕ್ಟೋಬರ್ ೨೦೨೪

ಪ್ರೀತಿಯ ಭಾಗ್ಯಾ,

ಕಾಗದ ಬರೆದು ಎಷ್ಟು ವರ್ಷವಾಯಿತೋ. ಪೆನ್ನು ಹಿಡಿದರೆ ಹಾಸ್ಟೆಲ್ಲಿನ ಹಾಜರಿ ಬರೆಯುವ ಅಕ್ಷರವೇ ಬರುತ್ತಿದೆ. ಇನ್ನೇನು ಮಾಡಲಿ ಹೇಳು? ಹೋದ ತಿಂಗಳಿನಿಂದ ನೀನು ಫೋನ್ ಎತ್ತುತ್ತಿಲ್ಲ. ಎತ್ತುವವರು ನಿನ್ನ ಯಜಮಾನರು. "ಸ್ನಾನಕ್ಕ ಹೋಗ್ಯಾಳ್ರಿ ಅಕ್ಕಾ" ಅನ್ನುತ್ತಾರೆ. ಮುಂಜಾನೆ ಮಾಡಿದರೂ ಸ್ನಾನ, ಮಧ್ಯಾಹ್ನ ಮಾಡಿದರೂ ಸ್ನಾನ. ಆಳಂದದಲ್ಲಿ ಅಷ್ಟು ನೀರು ಎಲ್ಲಿಂದ ಬರುತ್ತದೆ? ಅನೀಲಕುಮಾರ ಅವರಿಗೆ ಔಷಧದ ಅಂಗಡಿ ನಡೆಸಲು ಬರುತ್ತದೆ, ಸುಳ್ಳು ಹೇಳಲು ಬರುವುದಿಲ್ಲ. ನಾನು ಕಳಿಸಿದ ವಾಯ್ಸ್ ಮೆಸೇಜುಗಳನ್ನು ಕೇಳಿದ್ದೀ ಎಂದು ಗೊತ್ತಾಗುತ್ತದೆ, ಉತ್ತರ ಮಾತ್ರ ಇಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಬರೆದು ಬೈದುಬಿಡು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಫುಟ್‌ಬಾಲ್ ಲೀಗ್ ಡಿಸೆಂಬರಿನಲ್ಲಿ ಶುರು. ನಮ್ಮ ಭೀಮಾ ಇಲೆವೆನ್ ಹುಡುಗಿಯರ ಮೊದಲ ಪಂದ್ಯ ಇಲ್ಲೇ, ಜೇವರ್ಗಿಯಲ್ಲಿ, ಇಪ್ಪತ್ತೆರಡಕ್ಕೆ. ನೀನು ಮದುವೆಯಾಗಿ ಆಳಂದಕ್ಕೆ ಹೋದೆ, ನಾನು ವಾರ್ಡನ್ ಆಗಿ ಇಲ್ಲಿಗೆ ಬಂದೆ, ಆದರೂ ಅಫಜಲಪುರದ ಆ ತಂಡ ಕಟ್ಟಿದ ವರ್ಷದಿಂದ ನಾವಿಬ್ಬರೂ ಒಂದು ಪಂದ್ಯ ಬಿಟ್ಟಿಲ್ಲ. ಈ ಸಲ ಕಪ್ ನಮ್ಮದೇ. ಬರೆದು ಕೊಡುತ್ತೇನೆ, ಬೇಕಿದ್ದರೆ ಹಾಸ್ಟೆಲ್ಲಿನ ಸೀಲು ಹೊಡೆದೇ ಕೊಡುತ್ತೇನೆ.

ಕಾರಣ ಕೇಳು. ಜಸ್ಮೀನ ಮಳೆಗಾಲವಿಡೀ ಸೊನ್ನದ ಬ್ಯಾರೇಜ್ ರಸ್ತೆಯಲ್ಲಿ ಓಡಿದ್ದಾಳೆ. ಈಗ ಅವಳ ಹಿಂದೆ ಬಿದ್ದು ಚೆಂಡು ಕಸಿಯುವ ಹುಡುಗಿ ಜಿಲ್ಲೆಯಲ್ಲಿಲ್ಲ. ಕ್ಯಾಪ್ಟನ್ ಜಯಮಾಲಾ ಕರಜಗಿಯಿಂದ ದಿನಾ ಸೈಕಲ್ ಮೇಲೆ ಬರುತ್ತಾಳೆ, ಡಿಫೆನ್ಸಿನಲ್ಲಿ ನಿಂತರೆ ಗೋಡೆ. ಗೋಲಿನಲ್ಲಂತೂ ನಮಗೆ ಚಿಂತೆ ಯಾವತ್ತೂ ಇರಲಿಲ್ಲ. ಇನ್ನು ನೀನು. ನೀನು ಕೂಗಿದರೆ ಎದುರಿನ ತಂಡದವರ ಕಾಲು ತಡವರಿಸುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನಿನ್ನ ಅಂದಾಜು ಬರೆದು ಕಳಿಸು. ಎಷ್ಟನೇ ಸ್ಥಾನ? ಎಷ್ಟು ಗೋಲು? ಸುಮ್ಮನಿದ್ದರೆ ನಾನೇ ಆಳಂದದ ಬಸ್ಸು ಹತ್ತುತ್ತೇನೆ.

ಜೈಭೀಮ್.
ನಿನ್ನ
ಪಂಚಶೀಲಾ


ಆಳಂದ
೧೪ ಅಕ್ಟೋಬರ್ ೨೦೨೪

ಪಂಚಶೀಲಾ,

ಶರಣು. ಬಸ್ಸು ಹತ್ತಬೇಡ. ಮನೆಗೆ ಸುಣ್ಣ ಬಳಿಸುತ್ತಿದ್ದೇವೆ, ಕೂರಲು ಜಾಗವಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಕಾಗದ ಬಂದಾಗ ಬಾಗಿಲಲ್ಲೇ ನಿಂತು ಎರಡು ಸಲ ಓದಿದೆ. ಸ್ವಲ್ಪ ದಿನ ಹೀಗೇ ಬರೆಯೋಣ. ಫೋನಿನಲ್ಲಿ ನಾವು ಇಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ವಾಟ್ಸಾಪಿನಲ್ಲಿ ಒಂದು ಸಾಲು ಹಾಕಿದರೆ ಎರಡನೇ ಸಾಲಿಗೆ ನಿನ್ನ ವಿಡಿಯೋ ಕಾಲ್ ಬರುತ್ತದೆ. ಕಾಗದವಾದರೆ ಪೂರ್ತಿ ಹೇಳಿ ಮುಗಿಸಬಹುದು.

ಅಂದಾಜು ಕೇಳಿದ್ದೀ. ನಾಲ್ಕನೇ ಸ್ಥಾನ. ಅದೂ ದೇವರ ದಯೆ ಇದ್ದರೆ.

ಹುಬ್ಬು ಏರಿಸಬೇಡ, ಮುಂದೆ ಓದು. ಜಸ್ಮೀನ ಓಡುತ್ತಾಳೆ, ನಿಜ. ಆದರೆ ತಲೆ ಎತ್ತಿ ನೋಡುವುದಿಲ್ಲ. ಪಕ್ಕದಲ್ಲಿ ಯಾರು ಖಾಲಿ ನಿಂತಿದ್ದಾರೆ ಎಂದು ಅವಳಿಗೆ ಗೊತ್ತೇ ಆಗುವುದಿಲ್ಲ. ನಡುವಿನ ಇಬ್ಬರು ಹುಡುಗಿಯರು ಪಿಯುಸಿ ಮುಗಿಸಿ ಕಲಬುರಗಿಗೆ ಹೋದರು, ಅವರ ಜಾಗಕ್ಕೆ ಯಾರೂ ಬಂದಿಲ್ಲ. ಹಾಗಾದರೆ ಉಳಿದದ್ದೇನು? ಮಿನಾಜ ಒಬ್ಬಳು. ಅವಳು ಗೋಲಿನಲ್ಲಿ ನಿಂತಿದ್ದಾಳೆ ಎಂಬ ಧೈರ್ಯದ ಮೇಲೆ ಇಡೀ ತಂಡ ಆಡುತ್ತದೆ. ಒಬ್ಬಳ ಮೇಲೆ ಎಲ್ಲ ಭಾರ ಹಾಕಿ ನಿಶ್ಚಿಂತರಾಗಿ ಕೂತರೆ, ನಾಳೆ ಅವಳಿಗೇ ಏನಾದರೂ ಆದರೆ? ಬೆಳಗಾಗುವುದರಲ್ಲಿ ಅವಳು ಅವಳಾಗಿ ಉಳಿಯದೇ ಹೋದರೆ? ಅದನ್ನು ನೀವು ಯಾರೂ ಯೋಚಿಸುವುದಿಲ್ಲ.

ಇಲ್ಲಿ ನಮ್ಮ ಮನೆಯ ಹಿಂದೆಯೇ ಅಮರ್ಜಾ ಕ್ಲಬ್ಬಿನ ಮೈದಾನ. ಅವರ ಹುಡುಗಿಯರು ಮಾತೇ ಇಲ್ಲದೆ ಅಭ್ಯಾಸ ಮಾಡುತ್ತಾರೆ. ಒಬ್ಬಳು ಬಿದ್ದರೆ ಮತ್ತೊಬ್ಬಳು ಆ ಜಾಗಕ್ಕೆ ಬಂದಿರುತ್ತಾಳೆ. ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಊಟ ಸರಿಯಾಗಿ ಮಾಡು. ಹಾಸ್ಟೆಲ್ಲಿನ ಹುಡುಗಿಯರ ಮೇಲೆ ಹೆಚ್ಚು ಒದರಬೇಡ.

ಭಾಗ್ಯಜ್ಯೋತಿ


ಜೇವರ್ಗಿ
೨೫ ಅಕ್ಟೋಬರ್ ೨೦೨೪

ಭಾಗ್ಯಾ,

ನಾಲ್ಕನೇ ಸ್ಥಾನವೇ? ಆರು ತಂಡಗಳ ಲೀಗಿನಲ್ಲಿ? ಕಾಗದ ಓದಿ ಟೇಬಲ್ ಮೇಲೆ ಬಡಿದೆ, ಅಡುಗೆಯ ನಿಂಬೆವ್ವ ಹೆದರಿ ಸಾಂಬಾರಿನ ಸೌಟು ಕೆಳಗೆ ಬಿಟ್ಟಳು.

ನೀನು ಬರೆದ ಜಸ್ಮೀನಳ ಮಾತನ್ನು ಒಪ್ಪುತ್ತೇನೆ. ನಡುವಿನ ಜಾಗದ ಮಾತನ್ನೂ ಅರ್ಧ ಒಪ್ಪುತ್ತೇನೆ. ಆದರೆ ಮಿನಾಜಳ ಬಗ್ಗೆ ಯಾಕೆ ಅಪಶಕುನ ನುಡಿಯುತ್ತೀ? ಅವಳು ಚೆನ್ನಾಗಿದ್ದಾಳೆ. ಅವಳ ವಿಷಯ ಬಿಡು.

ಕಳೆದ ಭಾನುವಾರ ಅಫಜಲಪುರಕ್ಕೆ ಹೋಗಿದ್ದೆ. ಮೈದಾನದಲ್ಲಿ ಹುಲ್ಲು ಮೊಣಕಾಲಿನವರೆಗೆ ಬೆಳೆದಿದೆ, ಹುಡುಗಿಯರೇ ಕುಡುಗೋಲು ಹಿಡಿದು ಕೊಯ್ಯುತ್ತಿದ್ದರು. ಕೋಚ್ ಸಿದ್ದಲಿಂಗ ಸರ್ ನನ್ನನ್ನು ನೋಡಿದವರೇ ಸೀಟಿ ಕೊರಳಿಗೆ ಹಾಕಿಕೊಂಡು ಬಂದರು.

"ಏನ್ರಿ ಮೇಡಂ, ಒಬ್ಬರೇ ಬಂದೀರಿ? ನಿಮ್ಮ ಜೋಡಿ ಎಲ್ಲಿ?"

"ಸಾಲಿ ಕೆಲಸ ಬಾಳ ಅದಂತ್ರಿ ಸರ್."

"ಮೊದಲ ಮ್ಯಾಚಿಗಿ ಬರ್ತಾರಿಲ್ಲೋ? ಮೈಕ್ ಹಿಡೀಲಾಕ ಹೆಣ್ಮಗಳೇ ಬೇಕು ಅಂತ ಜೇವರ್ಗಿ ಕಮಿಟಿಯವರು ಕೇಳಾಕತ್ತಾರ. ಭಾಗ್ಯಕ್ಕಾರಿಗಿಂತ ಚಲೋ ಯಾರ ಸಿಗ್ತಾರ್ರಿ? ಮೈಕ್ ಇಲ್ದನ ಆ ದಂಡಿ ತನಕ ಕೇಳಸ್ತದ ಅವರ ದನಿ."

"ಬರ್ದೇ ಎಲ್ಲಿ ಹೋಗ್ತಾಳ್ರಿ ಸರ್. ಬರೀರಿ ಆಕಿ ಹೆಸರು. ನಾ ಹೇಳ್ತೇನಿ."

ಹೇಳಿಬಿಟ್ಟಿದ್ದೇನೆ. ಹ್ಯಾಂಡ್‌ಬಿಲ್ಲಿನಲ್ಲಿ ನಿನ್ನ ಹೆಸರು ಬರುತ್ತದೆ: ವೀಕ್ಷಕ ವಿವರಣೆ, ಶ್ರೀಮತಿ ಭಾಗ್ಯಜ್ಯೋತಿ, ಶಿಕ್ಷಕಿ, ಆಳಂದ. ಹೇಗಿದೆ? ಅಂದೋಲಾದ ಹುಡುಗಿಯರೇ ಹೆಚ್ಚಿರುವ ಜೇವರ್ಗಿ ತಂಡ ನಿನ್ನ ಹೆಸರು ಕೇಳಿಯೇ ಒಂದು ಗೋಲು ಬಿಟ್ಟುಕೊಡಬೇಕು.

ಇನ್ನೊಂದು ಮಾತು. ಹೋದ ವರ್ಷ ಸೆಮಿಫೈನಲ್ಲಿನಲ್ಲಿ ನಮ್ಮನ್ನು ಸೋಲಿಸಿದವರು ಅದೇ ಅಮರ್ಜಾದವರು. ಅವರ ಅಭ್ಯಾಸ ನೋಡುತ್ತಾ ಕೂರುವುದು, ಅದನ್ನು ನನಗೆ ಹೊಗಳಿ ಬರೆಯುವುದು! ಆಳಂದದ ನೀರು ಕುಡಿದ ಮೇಲೆ ಅಲ್ಲಿಯವಳೇ ಆಗಿಬಿಟ್ಟೆಯಾ?

ಬೇಗ ಬರೆ.

ಪಂಚಶೀಲಾ


ಆಳಂದ
೯ ನವೆಂಬರ್ ೨೦೨೪

ಪಂಚಶೀಲಾ,

ನನ್ನನ್ನು ಕೇಳದೆ ನನ್ನ ಹೆಸರು ಕೊಟ್ಟದ್ದು ಸರಿಯಲ್ಲ. ಹ್ಯಾಂಡ್‌ಬಿಲ್ಲಿನಿಂದ ತೆಗೆಸಿಹಾಕು. ಅಚ್ಚಾಗಿದ್ದರೆ ಮೇಲೆ ಕಾಗದ ಅಂಟಿಸು.

ನಾನು ಬರುವುದಿಲ್ಲ. ಮೈಕಿಗೂ ಇಲ್ಲ, ನೋಡುವುದಕ್ಕೂ ಇಲ್ಲ. ಕಾರಣ ಕೇಳಬೇಡ. ಮೈಕ್ ಹಿಡಿಯಲು ಕಾಲೇಜಿನ ಯಾವ ಹುಡುಗಿಗೆ ಹೇಳಿದರೂ ಮಾಡುತ್ತಾಳೆ. ಒಂದು ಕುರ್ಚಿ ಖಾಲಿ ಉಳಿದರೆ ಆಟವೇನೂ ನಿಲ್ಲುವುದಿಲ್ಲ.

ನನ್ನ ಅಂದಾಜನ್ನು ಬದಲಿಸಿದ್ದೇನೆ. ಐದನೇ ಸ್ಥಾನ.

ಭಾಗ್ಯಜ್ಯೋತಿ


ಜೇವರ್ಗಿ
೧೬ ನವೆಂಬರ್ ೨೦೨೪

ಶ್ರೀಮತಿ ಭಾಗ್ಯಜ್ಯೋತಿ ಅವರಿಗೆ,

ಹೀಗೆ ಬರೆದರೆ ನಿನಗೆ ಹಿತವೇನೋ. ನಿನ್ನ ಕಾಗದವೂ ಕಚೇರಿಯ ನೋಟಿಸಿನ ಹಾಗೆಯೇ ಇತ್ತು.

ಇಡೀ ವಾರ ನಿನಗೇನಾಗಿದೆ ಎಂದು ತಲೆ ಕೆಡಿಸಿಕೊಂಡೆ. ನಿನ್ನೆ ಉತ್ತರ ಸಿಕ್ಕಿತು. ನಿಮ್ಮ ಓಣಿಯ ಹೀರಾಬಾಯಿ ಮಗಳನ್ನು ನಮ್ಮ ಹಾಸ್ಟೆಲ್ಲಿಗೆ ಸೇರಿಸಲು ಬಂದಿದ್ದರು. ನಿನ್ನ ಬಗ್ಗೆ ಕೇಳಿದೆ.

"ಆಕೀನ ನೋಡೇನಿ ಬಿಡ್ರಿ ಮೇಡಂ. ಅಮರ್ಜಾದವರ ಮೈದಾನದಾಗ ದಿನಾ ಸಾಲಿ ಹೊತ್ತಿನ್ಯಾಗ ಬೆಂಚಿನ ಮ್ಯಾಲ ಕುಂತಿರ್ತಾಳ. ಮೊನ್ನಿ ನಾ ಶರಣ್ರಿ ಟೀಚರ್ ಅಂದೆ. ಒಂದ ಮಾತು ಆಡಲಿಲ್ಲ. ಮಾರಿ ಆ ಕಡಿ ಮಾಡಿಕೊಂಡ್ಲು. ಬಾಳ ಸೊಕ್ಕ ಬಂದದ ಬಿಡ್ರಿ."

ಅದೂ ಶಾಲೆಯ ವೇಳೆಯಲ್ಲಿ! ರಜೆ ಹಾಕಿ ಅವರ ಆಟ ನೋಡುವಷ್ಟು ಪ್ರೀತಿ ಬಂದಿದೆಯೆಂದು ನನಗೆ ತಿಳಿದಿರಲಿಲ್ಲ. ಅದನ್ನೇ ಬಾಯಿಬಿಟ್ಟು ಹೇಳಬಹುದಿತ್ತು. ಗಂಡನ ಊರು, ಗಂಡನ ಊರಿನ ತಂಡ, ಯಾರೂ ತಪ್ಪು ಅನ್ನುತ್ತಿರಲಿಲ್ಲ. ನಮ್ಮ ಹುಡುಗಿಯರ ಮೇಲೆ ನಾಲ್ಕನೇ ಸ್ಥಾನ, ಐದನೇ ಸ್ಥಾನ ಎಂದು ಕಲ್ಲೆಸೆಯುವ ಅಗತ್ಯವಿರಲಿಲ್ಲ.

ಹ್ಯಾಂಡ್‌ಬಿಲ್ಲಿನಿಂದ ಹೆಸರು ತೆಗೆಸಿದ್ದೇನೆ. ಸಿದ್ದಲಿಂಗ ಸರ್ ಯಾಕೆಂದು ಕೇಳಿದರು. ನನಗೆ ಗೊತ್ತಿಲ್ಲವೆಂದೆ.

ನಾವು ಗೆಲ್ಲುತ್ತೇವೆ. ಗೆದ್ದ ದಿನ ನಿನಗೆ ತಿಳಿಸುವುದಿಲ್ಲ.

ಪಂಚಶೀಲಾ


ಆಳಂದ
೧೦ ಡಿಸೆಂಬರ್ ೨೦೨೪

ಪ್ರೀತಿಯ ಪಂಚಶೀಲಾ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಪೋಸ್ಟಿಗೆ ಹಾಕಿ ಬರುತ್ತೇನೆಂದು ಅನೀಲ ಪಕ್ಕದಲ್ಲೇ ಕೂತಿದ್ದಾರೆ.

ನನ್ನ ದನಿ ಹೋಗಿದೆ.

ಬೇಸಿಗೆಯಲ್ಲಿ ಕೊರಳಿನಲ್ಲಿ ಒಂದು ಗಂಟು ಕಾಣಿಸಿತ್ತು. ಥೈರಾಯ್ಡ್ ಎಂದರು. ನಿನಗೆ ಹೇಳಿದರೆ ಹಾಸ್ಟೆಲ್ ಬಿಟ್ಟು ಓಡಿ ಬರುತ್ತೀ ಎಂದು ಸುಮ್ಮನಿದ್ದೆ. ಸೆಪ್ಟೆಂಬರಿನಲ್ಲಿ ಸೊಲ್ಲಾಪುರದಲ್ಲಿ ಆಪರೇಷನ್ ಆಯಿತು. ಗಂಟು ತೆಗೆದರು, ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆ ಭಯ ಬೇಡ. ಎಚ್ಚರವಾದ ಮೇಲೆ ನೀರು ಕೇಳಿದೆ. ಬರೀ ಗಾಳಿ ಬಂತು. ದನಿಯ ನರ ತುಂಬ ಸೂಕ್ಷ್ಮ, ಕೆಲವರಿಗೆ ಹೀಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕೇಳಿಸಿಕೊಂಡೇ ಸಹಿ ಮಾಡಿದ್ದೆ. ಆ ಕೆಲವರಲ್ಲಿ ನಾನೂ ಒಬ್ಬಳಾಗುತ್ತೇನೆ ಎಂದು ಯಾರಿಗೆ ಅನ್ನಿಸುತ್ತದೆ? ಒಂದು ಕಡೆಯ ದನಿಪಟ್ಟಿ ಅಲ್ಲಾಡುತ್ತಿಲ್ಲವಂತೆ. ಆರು ತಿಂಗಳಿಗೆ ಬಂದರೂ ಬರಬಹುದು, ವರ್ಷಕ್ಕೆ ಬರಬಹುದು, ಅರ್ಧ ಬರಬಹುದು. ವಾರಕ್ಕೊಮ್ಮೆ ಕಲಬುರಗಿಗೆ ಹೋಗಿ ದನಿಯ ವ್ಯಾಯಾಮ ಮಾಡುತ್ತೇನೆ. ಈಗ ಪಿಸುಗುಟ್ಟುವಷ್ಟು ಬರುತ್ತದೆ, ಅದೂ ಸಂಜೆಯಾಗುವುದರೊಳಗೆ ಸೋತುಹೋಗುತ್ತದೆ.

ದಸರಾ ರಜೆ ಮುಗಿದ ಮೇಲೆ ಶಾಲೆಗೆ ಹೋದೆ. ಮೂರನೇ ತರಗತಿ. ಹಾಜರಿ ಕರೆದೆ. ಮುಂದಿನ ಸಾಲಿನ ಮಕ್ಕಳಿಗೂ ಕೇಳಿಸಲಿಲ್ಲ. ಮತ್ತೆ ಕರೆದೆ. ಆಗ ಒಂದು ಮಗು ಎದ್ದು ನಿಂತು, "ಟೀಚರ್, ಯಾಕ್ರಿ ಗುಟ್ಟ ಹೇಳಾಕತ್ತೀರಿ?" ಅಂದಿತು. ಎಲ್ಲ ಮಕ್ಕಳೂ ನಕ್ಕರು. ಕೆಟ್ಟ ನಗುವಲ್ಲ ಅದು. ಆದರೆ ನಾನು ಹೊರಗೆ ಬಂದು ವರಾಂಡದ ಕಂಬ ಹಿಡಿದು ನಿಂತೆ. "ಸ್ವಲ್ಪ ದಿವಸ ಆಫೀಸಿನ್ಯಾಗ ಕುಂತು ಕಾಗದಪತ್ರ ನೋಡ್ರಿ" ಎಂದು ಹೆಡ್‌ಮೇಡಂ ಮೆತ್ತಗೆ ಹೇಳಿದರು. ಮರುದಿನವೇ ರಜೆ ಹಾಕಿದೆ. ಜನವರಿಯಲ್ಲಿ ರಜೆ ಮುಗಿಯುತ್ತದೆ. ಆಮೇಲೇನು ಎಂಬ ಯೋಚನೆ ದಿನವೆಲ್ಲ ಬೆನ್ನು ಹತ್ತುತ್ತದೆ. ಒಂದು ಕಡೆ ಕೂರಲಾಗುವುದಿಲ್ಲ. ಎದ್ದು ಪಾತ್ರೆ ತೊಳೆಯುತ್ತೇನೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತೇನೆ.

ಅದಕ್ಕೇ ಅಮರ್ಜಾದ ಮೈದಾನಕ್ಕೆ ಹೋಗುವುದು. ದಿನಾ ನಡೆಯಲು ಡಾಕ್ಟರು ಹೇಳಿದ್ದಾರೆ. ಅಲ್ಲಿ ಆಡುವ ಹುಡುಗಿಯರು ನನ್ನನ್ನು ಅರಿಯರು, ನಾನು ಕೂಗಲಿ ಎಂದು ಯಾರೂ ಕಾಯುವುದಿಲ್ಲ. ಹೀರಾಬಾಯಿಗೆ ನಾನು ಶರಣು ಅಂದೆ, ಪಂಚಶೀಲಾ. ಎರಡು ಸಲ ಅಂದೆ. ಅವರಿಗೆ ಕೇಳಿಸಲಿಲ್ಲ. ಅಳು ಬಂತು, ಅದಕ್ಕೇ ಮುಖ ತಿರುಗಿಸಿದೆ.

ನಿನಗೆ ಹೇಳಬೇಕಿತ್ತು. ಆದರೆ ಕಾಗದದಲ್ಲಿ ನನ್ನ ದನಿ ಮೊದಲಿನ ಹಾಗೆಯೇ ಇತ್ತು. ನೀನು ಸಿಟ್ಟಾಗುತ್ತಿದ್ದೆ, ನಾನು ವಾದ ಮಾಡುತ್ತಿದ್ದೆ, ನಡುವೆ ಏನೂ ಆಗಿರಲಿಲ್ಲ ಎಂಬಂತೆ. ಅಷ್ಟನ್ನಾದರೂ ಉಳಿಸಿಕೊಳ್ಳೋಣ ಅನ್ನಿಸಿತು.

ಐದನೇ ಸ್ಥಾನ ಎಂದದ್ದು ಹುಡುಗಿಯರ ಆಟ ನೋಡಿ ಅಲ್ಲ. ಈಗ ನನಗೆ ಯಾವುದರಲ್ಲೂ ಒಳ್ಳೆಯದು ಕಾಣುತ್ತಿಲ್ಲ.

ಭಾಗ್ಯಾ


ಜೇವರ್ಗಿ
೧೩ ಡಿಸೆಂಬರ್ ೨೦೨೪

ಭಾಗ್ಯಾ, ನನ್ನ ಭಾಗ್ಯಾ,

ಕಾಗದ ಈಗ ಬಂತು. ಊಟದ ಹೊತ್ತು, ಹುಡುಗಿಯರು ತಟ್ಟೆ ಹಿಡಿದು ಸಾಲು ನಿಂತಿದ್ದಾರೆ, ನಾನು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಹೀರಾಬಾಯಿ ಹೇಳಿದ್ದನ್ನು ನಂಬಿದೆನಲ್ಲ, ನಿನಗಿಂತ ಅವರ ಮಾತನ್ನು ಹೆಚ್ಚು ನಂಬಿದೆನಲ್ಲ.

ಬುಧವಾರ ಮೊದಲ ಬಸ್ಸಿಗೆ ಬರುತ್ತೇನೆ. ಸುಣ್ಣ ಬಳಿಯುತ್ತಿದ್ದರೆ ನಾನೂ ಬಳಿಯುತ್ತೇನೆ. ನೀನು ಮಾತಾಡಬೇಡ. ನನ್ನ ಮಾತು ಕೇಳಿ ಕೇಳಿ ನಿನಗೆ ಸಾಕಾಗಬೇಕು.

ಬರುವ ಮೊದಲು ಒಂದನ್ನು ಹೇಳಬೇಕು. ಎದುರಿಗೆ ಹೇಳಲು ಧೈರ್ಯವಿಲ್ಲ. ಮಿನಾಜ ತಂಡದಲ್ಲಿಲ್ಲ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಆಯ್ಕೆಯಾಗಿ ಸೆಪ್ಟೆಂಬರಿನಲ್ಲೇ ಟ್ರೇನಿಂಗಿಗೆ ಹೋದಳು, ಭಾನುವಾರವೂ ರಜೆ ಇಲ್ಲ. ಹುಡುಗಿಯರು ಅವಳನ್ನು ಬಸ್ಸು ಹತ್ತಿಸಿ ಬಂದು ಮೈದಾನದಲ್ಲಿ ಅಳುತ್ತಾ ಕೂತಿದ್ದರು. ಸಂತೋಷದ ಅಳುವೋ ದುಃಖದ್ದೋ, ಅವರಿಗೇ ಗೊತ್ತಿರಲಿಲ್ಲ. ನಿನ್ನ ಮೊದಲ ಕಾಗದ ಬಂದಾಗಲೇ ನನಗೆ ಇದು ಗೊತ್ತಿತ್ತು. ಅವಳೊಬ್ಬಳ ಮೇಲೆಯೇ ತಂಡ ನಿಂತಿದೆ ಎಂದು ನೀನು ಬರೆದಿದ್ದೆ. ಈಗ ನಿಜ ಹೇಳಿದರೆ ನೀನು ಪೂರ್ತಿ ಕೈಬಿಡುತ್ತೀ ಅನ್ನಿಸಿತು. ಅದಕ್ಕೇ ಕಪ್ ನಮ್ಮದು, ಕಪ್ ನಮ್ಮದು ಎಂದು ಕೂಗುತ್ತಿದ್ದೆ. ನನಗೇ ಅದರಲ್ಲಿ ನಂಬಿಕೆ ಇರಲಿಲ್ಲ. ಗೋಲಿನಲ್ಲಿ ಈಗ ಫರಹೀನ ನಿಲ್ಲುತ್ತಾಳೆ. ಎರಡು ವರ್ಷ ಬೆಂಚಿನ ಮೇಲೆ ಕೂತು ನೀರಿನ ಬಾಟಲಿ ಹಿಡಿದವಳು.

ಇನ್ನು ಮೇಲೆ ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ನೀನೂ ಮುಚ್ಚಿಡಬೇಡ.

ಪಂಚಶೀಲಾ


ಜೇವರ್ಗಿ
೨೩ ಡಿಸೆಂಬರ್ ೨೦೨೪

ಪ್ರೀತಿಯ ಭಾಗ್ಯಾ,

ನಿನ್ನೆ ಬಸ್ ನಿಲ್ದಾಣದಲ್ಲಿ ಕಾದೆ. ಒಂದು ಬಸ್ಸು ಬಂತು, ಎರಡು ಬಂದವು, ಮೂರನೆಯದರಲ್ಲೂ ನೀನಿಲ್ಲ. ಬುಧವಾರ ನಿನ್ನ ಅಡುಗೆಮನೆಯಲ್ಲಿ ಕೂತಿದ್ದಾಗ ನನ್ನ ಕೈ ಹಿಡಿದು "ಬರ್ತೇನಿ" ಎಂದು ಪಿಸುಗುಟ್ಟಿದ್ದೆ. ಯಾಕೆ ಬರಲಿಲ್ಲವೆಂದು ಕೇಳುವುದಿಲ್ಲ. ಹೇಳಬೇಕೆನಿಸಿದಾಗ ಹೇಳು.

ಪಂದ್ಯದ ಸುದ್ದಿ ಕೇಳು. ಒಂದಕ್ಕೆ ಒಂದು, ಡ್ರಾ.

ಜನ ಬಹಳ ಸೇರಿದ್ದರು. ಮೈಕ್ ಹಿಡಿದ ಕಾಲೇಜು ಹುಡುಗಿ ಅರ್ಧ ಹೊತ್ತು ಜಾಹೀರಾತನ್ನೇ ಓದಿದಳು. ನಾವು ಯಾವಾಗಲೂ ನಿಲ್ಲುವ ಜಾಗದಲ್ಲಿ, ನಮ್ಮ ಗೋಲಿನ ಬಲೆಯ ಹಿಂದೆಯೇ ನಿಂತೆ. ಪಕ್ಕದಲ್ಲಿ ನೀನಿಲ್ಲದೆ ಕೂಗಲು ಬಾಯಿ ಬರಲಿಲ್ಲ. ಮೊದಲ ಹತ್ತು ನಿಮಿಷದಲ್ಲೇ ಅಂದೋಲಾದ ಎತ್ತರದ ಹುಡುಗಿ ಕಾರ್ನರ್ ಚೆಂಡಿಗೆ ತಲೆ ಕೊಟ್ಟು ಗೋಲು ಹಾಕಿದಳು. ಫರಹೀನ ಅಲ್ಲಾಡಲೇ ಇಲ್ಲ, ಕಂಬದ ಹಾಗೆ ನಿಂತಿದ್ದಳು. ಇವತ್ತು ಐದು ಗೋಲು ತಿನ್ನುತ್ತೇವೆ ಎಂದುಕೊಂಡೆ. ನಿನ್ನ ಐದನೇ ಸ್ಥಾನವೂ ನೆನಪಾಯಿತು, ಖರೆ ಹೇಳುತ್ತೇನೆ.

ಆಮೇಲೆ ಜಯಮಾಲಾ ಹಿಂದೆ ಬಂದು ಅವಳ ಹೆಗಲು ಹಿಡಿದು ಏನೋ ಹೇಳಿದಳು. ಅಲ್ಲಿಂದ ಫರಹೀನ ಬೇರೆಯೇ ಹುಡುಗಿ. ಒಂದು ಚೆಂಡಿಗೆ ಮುಂದಕ್ಕೆ ಓಡಿಬಂದು ಎದುರಿನವಳ ಕಾಲಿನ ಮೇಲೇ ಬಿದ್ದು ಹಿಡಿದಳು. ಇನ್ನೊಂದನ್ನು ಬೆರಳ ತುದಿಯಿಂದ ಮೇಲಕ್ಕೆ ತಳ್ಳಿದಳು. ಕೊನೆಗೆ ಜಸ್ಮೀನ ಓಡಿದಳು, ಮತ್ತು ಭಾಗ್ಯಾ, ತಲೆ ಎತ್ತಿ ನೋಡಿದಳು! ಪಕ್ಕದವಳಿಗೆ ಕೊಟ್ಟಳು. ಆ ಹೊಸ ಹುಡುಗಿಯ ಹೆಸರೂ ನನಗೆ ಗೊತ್ತಿಲ್ಲ, ಅವಳೇ ಗೋಲು ಹಾಕಿದಳು. ಸಿದ್ದಲಿಂಗ ಸರ್ ಟೋಪಿ ಗಾಳಿಗೆ ಎಸೆದರು, ಅದು ಮತ್ತೆ ಸಿಗಲೇ ಇಲ್ಲ.

ಈಗ ಹೇಳಲೋ ಬೇಡವೋ ಎಂದು ಮುಂಜಾನೆಯಿಂದ ಒದ್ದಾಡುತ್ತಿರುವ ವಿಷಯ. ಏನನ್ನೂ ಮುಚ್ಚಿಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.

ಪಂದ್ಯ ಮುಗಿದ ಮೇಲೆ ಫರಹೀನಳ ಬೆನ್ನು ತಟ್ಟಿದೆ. "ಏ ಹುಡುಗಿ, ಎಲ್ಲಿ ಅಡಗಿಸಿ ಇಟ್ಟಿದ್ದಿ ಇದನ್ನೆಲ್ಲ?" ಅಂದೆ. ಅವಳು ಕೈಗವಸು ಬಿಚ್ಚುತ್ತಾ ಹೇಳಿದಳು:

"ಅಕ್ಕಾ, ಖರೆ ಹೇಳ್ಲಿ? ಬ್ಯಾಸರ ಮಾಡ್ಕೋಬ್ಯಾಡ್ರಿ. ಇವತ್ತ ಭಾಗ್ಯಕ್ಕಾರು ಬಂದಿದ್ದಿಲ್ಲಲ್ರಿ, ನನಗ ಜಯಮಾಲಾ ಹೇಳೋದು ಬರೋಬರಿ ಕೇಳಸ್ತು. ಮಿನಾಜ ಆಪಾಗ ಯಾವಾಗಲೂ ಇದೇ ತ್ರಾಸ ಇತ್ತರಿ. ಹಿಂದಿನಿಂದ ಒಂದು ದನಿ ಎಡಕ್ಕ ಬೀಳು ಅಂತಿತ್ತು, ಮುಂದ ಜಯಮಾಲಾ ಬಲಕ್ಕ ಅಂತಿದ್ದಳು. ಅಕ್ಕಾರು ನಮ್ಮ ಸಲುವಾಗೇ ಒದರ್ತಾರ, ಹ್ಯಾಂಗ ಹೇಳೋದು ಅಂತ ಸುಮ್ಮ ಇದ್ದೆವ್ರಿ."

ನಿನಗೇನಾಗಿದೆ ಎಂದು ಅವಳಿಗೆ ಗೊತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ. ಪಾಪದ ಹುಡುಗಿ, ಕೇಳಿದ್ದಕ್ಕೆ ನಿಜ ಹೇಳಿದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಆದರೆ ರಾತ್ರಿ ಊಟ ಸೇರಲಿಲ್ಲ.

ಮುಂದಿನ ಪಂದ್ಯ ಜನವರಿ ಐದಕ್ಕೆ, ಅಫಜಲಪುರದಲ್ಲಿ, ನಿನ್ನ ಊರಿನ ಅಮರ್ಜಾದ ಎದುರು. ಬಾ ಎಂದು ಕರೆಯಲು ಈಗ ನನಗೆ ಬಾಯಿಲ್ಲ.

ಜೈಭೀಮ್.
ಪಂಚಶೀಲಾ


ಆಳಂದ
೩೦ ಡಿಸೆಂಬರ್ ೨೦೨೪

ಪ್ರೀತಿಯ ಪಂಚಶೀಲಾ,

ಶರಣು.

ಮೊದಲು ಆ ಭಾನುವಾರದ ಕಥೆ. ನಾನು ಹೊರಟಿದ್ದೆ. ಕಲಬುರಗಿಯವರೆಗೂ ಬಂದೆ. ಜೇವರ್ಗಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಕಂಡಕ್ಟರ್ ಎಲ್ಲಿಗೆ ಅಂದ. ಹೇಳಿದೆ. "ಜರಾ ಜೋರ ಹೇಳ್ರಿ ಅಕ್ಕಾ" ಅಂದ. ಮತ್ತೆ ಹೇಳಿದೆ. ಇಂಜಿನ್ ಶುರುವಾಗಿತ್ತು. ಮೂರನೇ ಸಲ ಹೇಳುವಷ್ಟರಲ್ಲಿ ಬಸ್ಸೆಲ್ಲ ನನ್ನ ಕಡೆ ತಿರುಗಿತ್ತು. ಹಿಂದಿನ ಸೀಟಿನ ಮುದುಕಿ, "ಪಾಪ, ಮೂಕಿ ಇರಬೇಕು" ಅಂದಳು. ಇಳಿದುಬಿಟ್ಟೆ. ಮನೆಗೆ ಬಂದು ಬೆಳಿಗ್ಗೆ ಉಟ್ಟ ಸೀರೆಯಲ್ಲೇ ಮಲಗಿದೆ.

ಇನ್ನು ಫರಹೀನಳ ಮಾತು. ನೀನು ಹೇಳಿದ್ದು ಒಳ್ಳೆಯದಾಯಿತು ಎಂದು ಇವತ್ತು ಬರೆಯಬಲ್ಲೆ. ಕಾಗದ ಬಂದ ದಿನ ಬರೆಯಲಾಗುತ್ತಿರಲಿಲ್ಲ. ಆ ಹುಡುಗಿಯ ಮೇಲೆ ಉರಿದುಹೋದೆ. ಎಷ್ಟು ವರ್ಷ ಬಿಸಿಲಿನಲ್ಲಿ ನಿಂತು ಗಂಟಲು ಹರಿದುಕೊಂಡೆ, ನಾನು ಕೂಗಿದ್ದಕ್ಕೇ ಎಷ್ಟು ಗೋಲು ಉಳಿದವು ಎಂದು ಮನಸ್ಸಿನಲ್ಲೇ ಲೆಕ್ಕ ಇಟ್ಟಿದ್ದೆ. ದನಿ ಹೋದದ್ದೇ ಹೋಯಿತು, ಇದ್ದಾಗಲೂ ಅದು ಬೇಡವಾಗಿತ್ತಂತೆ! ಎರಡು ದಿನ ಅನೀಲರಿಗೂ ಏನೂ ಹೇಳಲಿಲ್ಲ. ಮೂರನೇ ದಿನ ಚಹಾ ಸೋಸುವಾಗ ನಿನ್ನ ಕಾಗದವನ್ನೇ ಅವರ ಕೈಗೆ ಕೊಟ್ಟೆ. ಓದಿದರು. ತುಟಿ ಬಿಗಿ ಹಿಡಿದು ನಿಂತರು. ಕಡೆಗೆ ತಡೆಯಲಾರದೆ,

"ನಮ್ಮ ಮನ್ಯಾಗೂ ಇದೇ ತ್ರಾಸ ಇತ್ತು ನೋಡು. ಹೇಳಾಕ ನನಗೂ ಧೈರ್ಯ ಇದ್ದಿಲ್ಲ" ಅಂದರು.

ಕೈಯಲ್ಲಿದ್ದ ಸೋಸಣಿಕೆಯನ್ನು ಅವರ ಮೇಲೆ ಎಸೆದೆ. ಅಂಗಿಯ ತುಂಬ ಚಹಾಪುಡಿ. ಅವರು ನಕ್ಕರು, ನಾನೂ ನಕ್ಕೆ. ಸದ್ದು ಬರಲಿಲ್ಲ, ಹೊಟ್ಟೆ ಮಾತ್ರ ಕುಣಿಯಿತು, ಗಂಟಲು ನೋಯಿತು, ಕಣ್ಣಲ್ಲಿ ನೀರು. ಆಪರೇಷನ್ ಆದ ಮೇಲೆ ನಕ್ಕದ್ದು ಅವತ್ತೇ ಮೊದಲು.

ಆ ಸಂಜೆ ಅಮರ್ಜಾದ ಮೈದಾನಕ್ಕೆ ಹೋಗಿ ಕೂತೆ. ಇಷ್ಟು ದಿನ ಅಲ್ಲಿ ಕೂತಿದ್ದರೂ ಆಟ ಸರಿಯಾಗಿ ನೋಡಿರಲಿಲ್ಲ, ನನ್ನ ದುಃಖವನ್ನೇ ನೋಡುತ್ತಿದ್ದೆ. ಅವತ್ತು ನೋಡಿದೆ. ಚೆಂಡು ಇಲ್ಲದ ಕಡೆ ಹುಡುಗಿಯರು ಏನು ಮಾಡುತ್ತಾರೆ ಎಂದು ನೋಡಿದೆ. ಅವರ ಎಡಗಡೆಯ ಹುಡುಗಿ ದಣಿದರೆ ನಡುವಿಗೆ ಜರುಗುತ್ತಾಳೆ, ಅವಳ ಹಿಂದೆ ದೊಡ್ಡ ಜಾಗ ಖಾಲಿ ಬೀಳುತ್ತದೆ. ಎರಡನೇ ಹಾಫಿನಲ್ಲಿ ಜಸ್ಮೀನ ಅಲ್ಲಿಗೆ ನುಗ್ಗಬೇಕು. ಇದನ್ನು ಸಿದ್ದಲಿಂಗ ಸರ್‌ಗೆ ಬೇರೆ ಕಾಗದದಲ್ಲಿ ಬರೆದು ಹಾಕಿದ್ದೇನೆ. ನನ್ನ ದನಿಯ ವಿಷಯವನ್ನೂ ಅದರಲ್ಲೇ ಬರೆದೆ. ಬಚ್ಚಿಟ್ಟು ತಿರುಗಿ ಸಾಕಾಗಿದೆ. ಫರಹೀನಳಿಗೆ ನೀನೇ ಹೇಳು. ಹೇಳಿದ ಮೇಲೆ ಅವಳು ಅಳುತ್ತಾಳೆ, ಅಳಲು ಬಿಡಬೇಡ. ಅವಳು ಹೇಳಿದ್ದು ತಪ್ಪಲ್ಲ ಎಂದು ನಾನು ಹೇಳಿದೆ ಅನ್ನು. ಸ್ವಲ್ಪ ತಪ್ಪು. ಅದನ್ನು ಹೇಳಬೇಡ.

ಶಾಲೆಗೆ ಮೂರನೇ ತಾರೀಖು ಹೋಗುತ್ತೇನೆ. ಆಫೀಸಿನಲ್ಲಿ ಕೂರುವುದಿಲ್ಲ, ತರಗತಿಯಲ್ಲೇ ಇರುತ್ತೇನೆ ಎಂದು ಹೆಡ್‌ಮೇಡಂಗೆ ಹೇಳಿ ಬಂದೆ. ಮಕ್ಕಳನ್ನು ನೆಲದ ಮೇಲೆ ನನ್ನ ಸುತ್ತ ಕೂರಿಸಿಕೊಂಡು ನೋಡುತ್ತೇನೆ. ಆಗಬಹುದು, ಆಗದಿರಬಹುದು. ಕಲಬುರಗಿಯ ವ್ಯಾಯಾಮದಲ್ಲಿ ಮೊನ್ನೆ ಒಂದು ಕ್ಷಣ ಊ ಎಂಬ ದನಿ ಬಂತು, ಮತ್ತೆ ಕರೆದರೆ ಬರಲಿಲ್ಲ. ಯಾವುದನ್ನೂ ನಂಬಿ ಕೂರುವ ಹಾಗಿಲ್ಲ, ಬಿಟ್ಟು ಕೂರುವ ಹಾಗೂ ಇಲ್ಲ.

ಐದನೇ ತಾರೀಖು ಬರುತ್ತೇನೆ. ಕಂಡಕ್ಟರ್ ಎಷ್ಟು ಸಲ ಕೇಳಿದರೂ ಅಷ್ಟು ಸಲ ಹೇಳುತ್ತೇನೆ. ಮೈದಾನಕ್ಕೆ ಬೇಗ ಹೋಗಿ ಜಾಗ ಹಿಡಿ, ಗೋಲಿನ ಹಿಂದೆ ಬೇಡ, ಸೆಂಟರ್ ಲೈನಿನ ಎದುರು. ಇಷ್ಟು ವರ್ಷ ಬಲೆಯ ಹಿಂದೆ ನಿಂತು ಅರ್ಧ ಆಟವನ್ನೇ ನೋಡಿದ್ದೇನೆ. ಆ ತುದಿಯಲ್ಲಿ ನಮ್ಮ ಹುಡುಗಿಯರು ಹೇಗೆ ಆಡುತ್ತಾರೋ ನನಗಿನ್ನೂ ಸರಿಯಾಗಿ ಗೊತ್ತಿಲ್ಲ.

ನನ್ನ ಅಂದಾಜು: ಎರಡಕ್ಕೆ ಒಂದು, ಗೆಲುವು ಅಮರ್ಜಾಕ್ಕೆ. ನೀನು ಒಪ್ಪುವುದಿಲ್ಲ ಎಂದು ಗೊತ್ತು. ಬರೆದು ಜಗಳ ಮಾಡಲು ಇನ್ನು ಹೊತ್ತಿಲ್ಲ, ಪಕ್ಕದಲ್ಲೇ ಕೂತು ಮಾಡು.

ನಿನ್ನ
ಭಾಗ್ಯಾ